ಮಗಳ ಎದೆಯಲ್ಲಿ ನೀರು, ನನ್ನ ಕೈಯಲ್ಲಿ ನೋಟ್‌ಬುಕ್

ಮಗಳು ಬಲಮಗ್ಗುಲಿಗೇ ಮಲಗುತ್ತಿದ್ದಾಳೆ ಅಂತ ಮೊದಲು ಗಮನಿಸಿದ್ದು ನನ್ನ ಹೆಂಡತಿ. ನಾನಲ್ಲ. ನಾನು ಥರ್ಮಾಮೀಟರ್ ನೋಡುತ್ತಾ ಕೂತಿದ್ದೆ.

ಅವಳಿಗೆ ಆಗ ನಾಲ್ಕೂವರೆ ವರ್ಷ. ಒಂದು ವಾರದಿಂದ ನೆಗಡಿ, ಕೆಮ್ಮು. ಆಮೇಲೆ ಜ್ವರ. ಜ್ವರದ ಎರಡನೇ ದಿನ "ಹೊಟ್ಟೆ ನೋವು" ಅಂದಳು. ಕೈಯಿಟ್ಟು ತೋರಿಸಿದ್ದು ಬಲಗಡೆ, ಪಕ್ಕೆಲುಬಿನ ಕೆಳಗೆ. ಮೊದಲು ತೋರಿಸಿದ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು "ಸ್ವಲ್ಪ ಕಫ ಇದೆ" ಅಂದರು, ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟರು. ಎರಡು ದಿನದಲ್ಲಿ ಜ್ವರ ಬಿಡದಿದ್ದರೆ ಮತ್ತೆ ಕರೆದುಕೊಂಡು ಬನ್ನಿ ಅಂತಲೂ ಹೇಳಿದ್ದರು. ಆ ಕೊನೆಯ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಔಷಧಿ ಕೆಲಸ ಮಾಡೋಕೆ ಟೈಮ್ ಬೇಕು ಅಲ್ವಾ ಅಂತ ನನಗೆ ನಾನೇ ಹೇಳಿಕೊಂಡು ನಾಲ್ಕು ದಿನ ಕಳೆದೆ. ಅವರನ್ನು ದೂರುವ ಹಾಗಿಲ್ಲ. ನ್ಯುಮೋನಿಯಾ ಶ್ವಾಸಕೋಶದ ಬುಡದಲ್ಲಿ ಕೂತರೆ ಮಕ್ಕಳಿಗೆ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದುಂಟಂತೆ. ತಪ್ಪು ನನ್ನದು. 48 ಗಂಟೆ ಆಂಟಿಬಯೋಟಿಕ್ ಹೋದ ಮೇಲೂ ಜ್ವರ ಬಿಡದಿದ್ದರೆ ಇನ್ನೊಮ್ಮೆ ನೋಡಬೇಕು, ಎದೆಯಲ್ಲಿ ನೀರು ತುಂಬಿದೆಯಾ ಅಂತ ಹುಡುಕಬೇಕು.

ನಾಲ್ಕನೇ ರಾತ್ರಿ 103 ಡಿಗ್ರಿ. "ಎಡಗಡೆ ತಿರುಗಿಸಿದರೆ ಅಳ್ತಾಳೆ, ತಾನಾಗಿ ಮತ್ತೆ ಬಲಕ್ಕೇ ಹೊರಳ್ತಾಳೆ. ನೀವೇ ನೋಡಿ" ಅಂದಳು ಹೆಂಡತಿ. ಅಂಗಿ ಎತ್ತಿ ನೋಡಿದೆ. ಎಡಭಾಗದ ಎದೆ ಏರಿಳಿಯುತ್ತಿತ್ತು. ಬಲಭಾಗ ಹೆಚ್ಚೂಕಡಿಮೆ ಸುಮ್ಮನೆ ಇತ್ತು. ಉಸಿರು ಬಿಡುವಾಗೆಲ್ಲ ಸಣ್ಣಗೆ ನರಳುತ್ತಿದ್ದಳು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 54. ಒಂದರಿಂದ ಐದು ವರ್ಷದ ಮಕ್ಕಳಲ್ಲಿ 40 ಮುಟ್ಟಿದರೇ ಜೋರು ಉಸಿರಾಟ ಅಂತ ಲೆಕ್ಕ. ಬೆಳಗಾಗಲಿ ಅಂತ ಕಾಯಲಿಲ್ಲ, ಹೊರಟೆವು.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಆಕ್ಸಿಜನ್ 90 ತೋರಿಸಿತು. ಮೂಗಿಗೆ ಸಣ್ಣ ನಳಿಕೆ ಇಟ್ಟು ಆಕ್ಸಿಜನ್ ಶುರು ಮಾಡಿದರು, ಕೈಗೆ ಸೂಜಿ ಹಾಕಿ ರಕ್ತ ತೆಗೆದರು. ಆಮೇಲೆ ಮಕ್ಕಳ ಡಾಕ್ಟರು ಬಂದು ಅವಳನ್ನು ಕೂರಿಸಿ ಬೆನ್ನ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟಿದರು. ಎಡಗಡೆ ಡಬ್ ಡಬ್ ಅಂತ ಪೊಳ್ಳು ಸದ್ದು. ಬಲಗಡೆ ಕೆಳಗೆ ತಟ್ಟಿದರೆ ಸದ್ದೇ ಇಲ್ಲ, ಗೋಡೆ ತಟ್ಟಿದ ಹಾಗೆ. "ಕೇಳಿಸ್ತಾ? ಖಾಲಿ ಕೊಡ, ತುಂಬಿದ ಕೊಡ" ಅಂದರು. ಎಕ್ಸ್‌ರೇಗೆ ಕಳಿಸುವ ಮೊದಲೇ ಅವರಿಗೆ ಗೊತ್ತಾಗಿತ್ತು. ಹೀಗೆ ತಟ್ಟಿ ನೋಡುವುದನ್ನು 1761ರಲ್ಲಿ ಪುಸ್ತಕ ಮಾಡಿ ಬರೆದವನು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ ಅಂತ ಆಮೇಲೆ ಓದಿದೆ. ಅವನಪ್ಪ ವಸತಿಗೃಹ ನಡೆಸುತ್ತಿದ್ದನಂತೆ. ಪೀಪಾಯಿ ತಟ್ಟಿ ಒಳಗೆ ಎಷ್ಟು ದ್ರಾಕ್ಷಾರಸ ಉಳಿದಿದೆ ಅಂತ ಹೇಳುವುದನ್ನು ನೋಡಿ ಕಲಿತದ್ದು ಅಂತ ಕಥೆ.

ಎಕ್ಸ್‌ರೇಯಲ್ಲಿ ಗಾಳಿ ಇರುವ ಜಾಗ ಕಪ್ಪಗೆ ಕಾಣುತ್ತದೆ. ಅವಳ ಎಡ ಶ್ವಾಸಕೋಶ ಕಪ್ಪಗಿತ್ತು. ಬಲಗಡೆ ಬುಡದಿಂದ ಅರ್ಧಕ್ಕಿಂತ ಮೇಲಿನವರೆಗೆ ಬರೀ ಬಿಳಿ. ಪಕ್ಕೆಲುಬಿಗೂ ವಪೆಗೂ (ಎದೆ, ಹೊಟ್ಟೆ ಬೇರೆ ಮಾಡುವ ಸ್ನಾಯು) ನಡುವೆ ಚೂಪಾದ ಒಂದು ಮೂಲೆ ಕಾಣಬೇಕು, ಅದು ಅಳಿಸಿಹೋಗಿತ್ತು. ಆಮೇಲೆ ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡುತ್ತಾರಲ್ಲ, ಅದೇ ಸ್ಕ್ಯಾನಿಂಗ್. ಎದೆಗೂ ಮಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಸಿಟಿ ಸ್ಕ್ಯಾನ್ ಮಾಡಿಸೋಣವಾ ಅಂತ ನಾನೇ ಕೇಳಿದೆ, ದೊಡ್ಡ ಮಷಿನ್ನಿನಲ್ಲಿ ಜಾಸ್ತಿ ಗೊತ್ತಾಗುತ್ತೆ ಅನ್ನುವ ನಂಬಿಕೆ. ಈಗ ಬೇಡ ಅಂದರು. ಸುಮ್ಮನೆ ವಿಕಿರಣ ಮೈಗೆ ತಗುಲುತ್ತದೆ. ನೀರು ಎಷ್ಟಿದೆ, ತಿಳಿಯಾಗಿದೆಯಾ, ಒಳಗೆ ಎಳೆಗಳು ಕಟ್ಟಿವೆಯಾ ಅನ್ನುವುದನ್ನು ಹೇಳುವುದರಲ್ಲಿ ಅಲ್ಟ್ರಾಸೌಂಡೇ ಮುಂದು.

ಪರದೆಯ ಮೇಲೆ ಕಪ್ಪು ನೀರು. ಅದರೊಳಗೆ ಒಂದೆರಡು ಬೆಳ್ಳಗಿನ ದಾರ ತೇಲಾಡುತ್ತಿದ್ದವು.

ನಮ್ಮಮ್ಮ ಫೋನಿನಲ್ಲಿ "ಶ್ವಾಸಕೋಶದೊಳಗೆ ನೀರು ಹೋಯ್ತಾ? ಮಗುಗೆ ತಲೆಸ್ನಾನ ಮಾಡಿಸಿದ್ದಿರಾ?" ಅಂತ ಅಳುತ್ತಿದ್ದರು. ಡಾಕ್ಟರು ಹೇಳಿದ್ದನ್ನೇ ಅವರಿಗೆ ದಾಟಿಸಿದೆ. ನೀರು ಶ್ವಾಸಕೋಶದ ಒಳಗಿಲ್ಲ, ಹೊರಗಿದೆ. ಶ್ವಾಸಕೋಶವನ್ನು ಸುತ್ತಿದ ಒಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಅಂಟಿದ ಇನ್ನೊಂದು ಪೊರೆ. ಎರಡೂ ಒಂದರ ಮೇಲೊಂದು ಜಾರಲಿ ಅಂತ ನಡುವೆ ಚೂರೇ ಚೂರು ಪಸೆ ಎಲ್ಲರಿಗೂ ಇರುತ್ತದೆ. ನ್ಯುಮೋನಿಯಾ ಬಂದು ಪೊರೆ ಊದಿಕೊಂಡರೆ ಅಲ್ಲಿಗೆ ನೀರು ಸೋರತೊಡಗುತ್ತದೆ. ಮೊದಲು ತಿಳಿನೀರು. ಆಮೇಲೆ ಅದಕ್ಕೆ ರೋಗಾಣು ಸೇರಿ ಕೀವಾಗುತ್ತದೆ, ಗಾಯದ ಮೇಲೆ ಹೆಪ್ಪು ಕಟ್ಟುವಂಥದ್ದೇ ಎಳೆಗಳು ಹುಟ್ಟಿ ನೀರನ್ನು ಕೋಣೆ ಕೋಣೆಯಾಗಿ ಭಾಗ ಮಾಡುತ್ತವೆ. ಹಾಗೇ ಬಿಟ್ಟರೆ ದಪ್ಪ ಸಿಪ್ಪೆ ಕಟ್ಟಿ ಶ್ವಾಸಕೋಶವನ್ನು ಹಿಡಿದುಬಿಡುತ್ತದೆ. ತಿಳಿನೀರಿಗೆ ಎಫ್ಯೂಷನ್ ಅನ್ನುತ್ತಾರೆ, ಕೀವಾದರೆ ಎಂಪೈಮಾ. ತಲೆಸ್ನಾನಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಅಂತ ನಮ್ಮಮ್ಮನಿಗೆ ಮೂರು ಸಲ ಹೇಳಿದೆ.

ಎಲ್ಲ ಮಕ್ಕಳಿಗೂ ನೀರು ತೆಗೆಯಬೇಕು ಅಂತಿಲ್ಲ. ಪಕ್ಕದ ವಾರ್ಡಿನಲ್ಲಿ ಒಬ್ಬ ಹುಡುಗನಿಗೆ ಅಂಚಿನಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ ನೀರಿತ್ತು, ಉಸಿರಿಗೆ ತೊಂದರೆ ಇರಲಿಲ್ಲ. ಅವನಿಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಮಾತ್ರ ಕೊಟ್ಟರು, ಅದರಲ್ಲೇ ಇಂಗಿತು. ನಮ್ಮವಳಿಗೆ ಅರ್ಧ ಎದೆ ದಾಟಿತ್ತು, ಉಸಿರು ಕಷ್ಟವಾಗಿತ್ತು. ಆಂಟಿಬಯೋಟಿಕ್ ಜೊತೆಗೆ ಪೈಪ್ ಹಾಕಲೇಬೇಕಿತ್ತು.

ಪೈಪ್ ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಬೆರಳು ದಪ್ಪದ್ದು. ಅವರು ತೋರಿಸಿದ್ದು ತೆಳ್ಳಗಿನ ಮೆತ್ತನೆಯ ನಳಿಕೆ, ತುದಿ ಹಂದಿಬಾಲದ ಹಾಗೆ ಸುರುಳಿ. ಮಕ್ಕಳಿಗೆ ಸಣ್ಣದೇ ಸಾಕು, ನೋವೂ ಕಡಿಮೆ, ಎದ್ದು ಓಡಾಡಬಹುದು. ಪೂರ್ತಿ ಮಂಪರು ಕೊಟ್ಟು, ಸ್ಕ್ಯಾನ್ ನೋಡುತ್ತಲೇ ಕಂಕುಳ ಕೆಳಗೆ ಪಕ್ಕೆಲುಬುಗಳ ನಡುವೆ ಹಾಕಿದರು. ಎಚ್ಚರ ಇದ್ದಾಗಲೇ ಸೂಜಿ ಚುಚ್ಚಿ ನೀರು ತೆಗೆದು, ಆಮೇಲೆ ಇನ್ನೊಮ್ಮೆ ಚುಚ್ಚುವುದು ಮಕ್ಕಳಿಗೆ ಬೇಡ, ಒಂದೇ ಸಲಕ್ಕೆ ಮುಗಿಸೋಣ ಅಂತ ಮೊದಲೇ ಹೇಳಿದ್ದರು. ನಾವು ಹೊರಗೆ ಕೂತಿದ್ದು ಮುಕ್ಕಾಲು ಗಂಟೆ.

ವಾಪಸ್ ಬಂದಾಗ ಮಂಚದ ಕೆಳಗೆ ಒಂದು ಬಾಟಲಿ ನೇತುಬಿದ್ದಿತ್ತು. ಅದರೊಳಗೆ ಸ್ವಲ್ಪ ಶುದ್ಧ ನೀರು, ಆ ನೀರಿನಲ್ಲಿ ಮುಳುಗಿದ ಒಂದು ಕೊಳವೆ. ಎದೆಯಿಂದ ಹೊರಗೆ ಬರಬಹುದು, ಹೊರಗಿನ ಗಾಳಿ ಒಳಗೆ ಹೋಗಬಾರದು. ನೀರೇ ಬಾಗಿಲು. ಇಷ್ಟು ಸರಳ ಉಪಾಯ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಹಳದಿ ಬಣ್ಣದ ದ್ರವ ಇಳಿಯುತ್ತಿತ್ತು. 160 ಮಿಲಿ ಆಗುತ್ತಿದ್ದಂತೆ ಸಿಸ್ಟರ್ ಬಂದು ಪೈಪನ್ನು ಅದುಮಿ ಮುಚ್ಚುವ ಕ್ಲಾಂಪ್ ಹಾಕಿಬಿಟ್ಟರು. ಬರ್ತಾ ಇದೆಯಲ್ಲ, ಯಾಕೆ ನಿಲ್ಲಿಸಿದ್ರಿ ಅಂತ ನಾನು ಜಗಳಕ್ಕೇ ಹೋದೆ. ಅವಳ ತೂಕ 16 ಕೆಜಿ. ಕೆಜಿಗೆ 10 ಮಿಲಿಯಂತೆ ತೆಗೆದು ಒಂದು ಗಂಟೆ ನಿಲ್ಲಿಸಬೇಕಂತೆ. ಅದುಮಿಕೊಂಡು ಕೂತಿದ್ದ ಶ್ವಾಸಕೋಶ ಒಮ್ಮೆಲೇ ಬಿಚ್ಚಿಕೊಂಡರೆ ಅದರೊಳಗೇ ನೀರು ಊರುವ ಅಪಾಯ ಇದೆ. ಒಂದು ಗಂಟೆಯ ನಂತರ ಮತ್ತೆ ಬಿಟ್ಟರು.

ಆ ರಾತ್ರಿಯೇ ನಾನು ನೋಟ್‌ಬುಕ್ ಶುರು ಮಾಡಿದ್ದು. ಟೈಮ್, ಜ್ವರ, ಆಕ್ಸಿಜನ್, ಬಾಟಲಿಯಲ್ಲಿ ಎಷ್ಟು ಮಿಲಿ. ಗೆರೆ ಹಾಕಿ ನಾಲ್ಕು ಕಾಲಮ್ಮು. ಮೊದಲ ದಿನ ಒಟ್ಟು 250. ಎರಡನೇ ದಿನ 60. ಮೂರನೇ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ 5.

ನಾನು ಕುಣಿದಾಡಿದೆ. ನೀರು ಮುಗೀತು ಅಂತ ಎಲ್ಲರಿಗೂ ಮೆಸೇಜ್ ಹಾಕಿದೆ. ಹೆಂಡತಿ ಬಾಟಲಿ ಹತ್ತಿರ ಬಗ್ಗಿ ಕೂತಿದ್ದಳು. "ಕೊಳವೇಲಿ ನೀರು ಅಲ್ಲಾಡ್ತಾ ಇಲ್ಲ" ಅಂದಳು. "ನಿನ್ನೆ ಇವಳು ಉಸಿರೆಳೆದಾಗೆಲ್ಲ ಮೇಲೆ ಹೋಗ್ತಿತ್ತು, ಬಿಟ್ಟಾಗ ಕೆಳಗೆ ಬರ್ತಿತ್ತು. ಈಗ ನಿಂತಿದೆ." ನನ್ನ ನಾಲ್ಕು ಕಾಲಮ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನಾಲ್ಕರಲ್ಲಿ ಒಂದು ಕಾಲಮ್ಮನ್ನಾದರೂ ಸರಿಯಾಗಿ ಓದಿದ್ದರೆ ನನಗೂ ತಿಳಿಯಬೇಕಿತ್ತು. ಜ್ವರ ಇನ್ನೂ 102ರ ಮೇಲೇ ಇತ್ತು.

ಸಿಸ್ಟರನ್ನು ಕರೆದೆವು. ಅವರು ಮೊದಲು ಮಾಡಿದ ಕೆಲಸ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ಅಂತ ಮೈಯಿಂದ ಬಾಟಲಿಯವರೆಗೆ ಬೆರಳಾಡಿಸಿ ನೋಡಿದ್ದು. ಮಡಚಿರಲಿಲ್ಲ. ಡಾಕ್ಟರು ಬಂದು ಸ್ವಲ್ಪ ಸಲೈನ್ ಹಾಕಿ ಬಿಡಿಸಲು ನೋಡಿದರು. ಮತ್ತೆ ಸ್ಕ್ಯಾನ್. ನೀರು ಎಲ್ಲಿಗೂ ಹೋಗಿರಲಿಲ್ಲ. ಮೊದಲ ದಿನ ಒಂದೆರಡು ದಾರ ಇದ್ದ ಕಡೆ ಈಗ ಜೇಡರ ಬಲೆ. ನೀರು ಹತ್ತಾರು ಸಣ್ಣ ಕೋಣೆಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು, ನಮ್ಮ ಪೈಪ್ ಇದ್ದದ್ದು ಅದರಲ್ಲಿ ಒಂದೇ ಕೋಣೆಯಲ್ಲಿ. ಆ ಕೋಣೆ ಖಾಲಿಯಾಗಿತ್ತು, ಅಷ್ಟೇ.

ಮೆಸೇಜ್ ಹಾಕಿದವರೆಲ್ಲ ಹೂವಿನ ಚಿತ್ರ ಕಳಿಸುತ್ತಿದ್ದರು. ಫೋನ್ ತಿರುಗಿಸಿ ಇಟ್ಟೆ.

ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಕ್ಯಾಮೆರಾ ಹಾಕಿ ಮಾಡುವ ಸಣ್ಣ ಆಪರೇಷನ್. ಎರಡು ಮೂರು ಸಣ್ಣ ತೂತಿನಿಂದ ಒಳಗೆ ಹೋಗಿ ಬಲೆಯನ್ನು ಬಿಡಿಸಿ ಕೀವು ತೊಳೆಯುವುದು. ಇನ್ನೊಂದು, ಈಗಿರುವ ಪೈಪಿನಿಂದಲೇ ಎಳೆಗಳನ್ನು ಕರಗಿಸುವ ಔಷಧಿ ಒಳಗೆ ಬಿಡುವುದು. ಯಾವುದು ಒಳ್ಳೆಯದು ಅಂದೆ. ಲಂಡನ್ನಿನಲ್ಲಿ 60 ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ದಾರೆ, 2006ರಲ್ಲಿ ಪ್ರಕಟವಾಗಿದೆ, ಎರಡರಲ್ಲೂ ಮಕ್ಕಳು ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳಲ್ಲಿ ವ್ಯತ್ಯಾಸ ಬರಲಿಲ್ಲ ಅಂದರು. ಅಮೆರಿಕದಲ್ಲಿ ಬೇರೆ ಔಷಧಿ ಇಟ್ಟುಕೊಂಡು ಮಾಡಿದ, 2009ರಲ್ಲಿ ಬಂದ ಅಧ್ಯಯನದಲ್ಲೂ ಹಾಗೇ. ಅದಕ್ಕೇ ಮೊದಲು ಔಷಧಿ, ಅದರಲ್ಲಿ ಆಗದಿದ್ದರೆ ಆಪರೇಷನ್. ಒಪ್ಪಿದೆವು. ಇಂಥ ಹೊತ್ತಿನಲ್ಲಿ ಸಂಖ್ಯೆ ಕೇಳಿದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಹೆಂಡತಿ ಕೇಳಿದ ಪ್ರಶ್ನೆ ಬೇರೆ: "ಅವಳಿಗೆ ನೋವಾಗುತ್ತಾ?" ಆಗಬಹುದು, ಅದಕ್ಕೆ ಮೊದಲೇ ನೋವಿನ ಔಷಧಿ ಕೊಟ್ಟಿರುತ್ತೇವೆ ಅಂದರು.

ಔಷಧಿಯ ಹೆಸರು ಯೂರೋಕೈನೇಸ್. ಒಂದು ವರ್ಷ ದಾಟಿದ ಮಕ್ಕಳಿಗೆ 40,000 ಯೂನಿಟ್, 40 ಮಿಲಿ ಸಲೈನಿನಲ್ಲಿ ಕಲಸಿ ಪೈಪಿನೊಳಗೆ ಬಿಡುತ್ತಾರೆ. ನಾಲ್ಕು ಗಂಟೆ ಕ್ಲಾಂಪ್ ಹಾಕಿ ಒಳಗೇ ಇರಲು ಬಿಡಬೇಕು. ಆಮೇಲೆ ತೆಗೆದು ಹರಿಯಲು ಬಿಡುವುದು. ದಿನಕ್ಕೆ ಎರಡು ಸಲ, ಮೂರು ದಿನ, ಒಟ್ಟು ಆರು ಸಲ.

ಆ ಮೊದಲ ನಾಲ್ಕು ಗಂಟೆ ಇದೆಯಲ್ಲ, ಅದು ಹೋಗಲೇ ಇಲ್ಲ. ಅರ್ಧ ಗಂಟೆಗೊಮ್ಮೆ ಕ್ಲಾಂಪ್ ನೋಡುತ್ತಿದ್ದೆ. ಅವಳು ಭುಜ ನೋಯುತ್ತೆ ಅಂತ ಅತ್ತಳು, ನೋವಿನ ಔಷಧಿ ಇನ್ನೊಮ್ಮೆ ಕೊಟ್ಟರು, ಅಮ್ಮನ ತೊಡೆ ಮೇಲೆ ನಿದ್ದೆ ಹೋದಳು. ಕ್ಲಾಂಪ್ ತೆಗೆದಾಗ ಪೈಪಿನಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಮಜ್ಜಿಗೆಯಂಥ ದಪ್ಪ ದ್ರವ, ನಡುನಡುವೆ ಕೆಂಪು ಎಳೆ, ಪೊರೆಯ ಚೂರುಗಳು. ಬಾಟಲಿಯ ಕೊಳವೆಯಲ್ಲಿ ನೀರು ಒಮ್ಮೆ ಜಿಗಿಯಿತು. ಮತ್ತೆ ಇಳಿಯಿತು. ಅವಳ ಉಸಿರಿನ ಜೊತೆ ಸರಿಯಾಗಿ ಏರಿಳಿಯತೊಡಗಿತು. ಹೆಂಡತಿ ನನ್ನ ಕೈ ಹಿಡಿದುಕೊಂಡು ಏನೂ ಮಾತಾಡದೆ ಅದನ್ನೇ ನೋಡುತ್ತಿದ್ದಳು. ಬೆಳಗಿನ ಹೊತ್ತಿಗೆ 230. ಅದರಲ್ಲಿ ನಾವೇ ಹಾಕಿದ 40 ಕಳೆದರೆ 190. ಈ ಸಲ ಮೆಸೇಜ್ ಹಾಕಲಿಲ್ಲ. ನೋಟ್‌ಬುಕ್ಕಿನಲ್ಲಿ ಐದನೇ ಕಾಲಮ್ ಹಾಕಿದೆ: ಅಲ್ಲಾಡುತ್ತಿದೆ, ಇಲ್ಲ.

ಆಸ್ಪತ್ರೆ ವಾಸದ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಐದನೇ ದಿನ ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಗಾಲಿಕುರ್ಚಿಯಲ್ಲಿ ಜಾಗ ಸಾಲದು ಅಂತ ಬಾಟಲಿ ಎತ್ತಿ ಅವಳ ತೊಡೆಯ ಮೇಲಿಟ್ಟೆ, ಇನ್ನೂ ಭದ್ರವಾಗಿರಲಿ ಅಂತ ಎದೆಗೆ ಒರಗಿಸಿದೆ. ಕಾರಿಡಾರಿನ ಆ ತುದಿಯಿಂದ ಸಿಸ್ಟರ್ ಕೂಗಿದ್ದು ಇಡೀ ಮಹಡಿಗೆ ಕೇಳಿಸಿರಬೇಕು. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು. ಮೇಲೆ ಬಂದರೆ ಒಳಗಿಂದ ಬಂದದ್ದು ವಾಪಸ್ ಒಳಗೇ ಹೋಗಬಹುದು. ಅವರು ಓಡಿಬಂದು ಬಾಟಲಿ ಕೆಳಗಿಳಿಸಿ, "ನೋಟ್‌ಬುಕ್ ಬರೆಯೋಕೆ ಬರುತ್ತೆ, ಇದು ಗೊತ್ತಿಲ್ವಾ?" ಅಂದರು. ಬೈಸಿಕೊಳ್ಳಬೇಕಾದ್ದೇ. ಅದೇ ಸಿಸ್ಟರ್ ಆಮೇಲೆ ಇನ್ನೊಂದು ಹೇಳಿಕೊಟ್ಟರು: ಬಾಟಲಿಯಲ್ಲಿ ಗುಳ್ಳೆ ಬರುತ್ತಿರುವಾಗ ಯಾರೂ ಕ್ಲಾಂಪ್ ಹಾಕಬಾರದು. ಗುಳ್ಳೆ ಅಂದರೆ ಒಳಗಿಂದ ಗಾಳಿ ಬರುತ್ತಿದೆ ಅಂತ. ಅದನ್ನು ತಡೆದರೆ ಗಾಳಿ ಎದೆಯಲ್ಲೇ ಒತ್ತಿಕೊಂಡು ಜೀವಕ್ಕೇ ಅಪಾಯ.

ನಾಲ್ಕನೇ ಡೋಸಿನ ಹೊತ್ತಿಗೆ ಜ್ವರದ ಮೊನೆ ಮುರಿಯಿತು. ಪೂರ್ತಿ ಹೋಗಲಿಲ್ಲ. ಸಂಜೆ ಹೊತ್ತು 100, 100.5. ಪೈಪ್ ಹಾಕಿದ ಮರುದಿನವೇ ಜ್ವರ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಈ ಕಾಯಿಲೆಯಲ್ಲಿ ಜ್ವರ ಹಲವು ದಿನ ಎಳೆಯುವುದು ಸಾಮಾನ್ಯ. ಒಂದೊಂದು ರೀಡಿಂಗ್ ನೋಡಬೇಡಿ, ಒಟ್ಟಾರೆ ಇಳೀತಿದೆಯಾ ನೋಡಿ ಅಂದರು ಡಾಕ್ಟರು.

ಅಷ್ಟರಲ್ಲಿ ರಕ್ತದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 9 ಲಕ್ಷ. ಮಾಮೂಲಿ ನಾಲ್ಕೂವರೆ ಲಕ್ಷದ ಒಳಗಿರಬೇಕಾದ್ದು. ಪ್ಲೇಟ್‌ಲೆಟ್ ಕಡಿಮೆಯಾದವರ ಕಥೆ ಕೇಳಿದ್ದೆ, ಜಾಸ್ತಿಯಾದವರದ್ದು ಕೇಳಿರಲಿಲ್ಲ. ಊತ ಇಳಿಯುವ ಹೊತ್ತಿಗೆ ಮಕ್ಕಳಲ್ಲಿ ಹೀಗೆ ಏರುತ್ತದೆ, ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ಔಷಧಿ ಬೇಡ ಅಂದರು. ಇಳಿಯಿತು ಕೂಡ.

ಯಾವ ರೋಗಾಣು ಅನ್ನುವುದಕ್ಕೆ ಕೀವನ್ನು ಲ್ಯಾಬಿಗೆ ಕಳಿಸಿದ್ದರು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಮೊದಲೇ ಆಂಟಿಬಯೋಟಿಕ್ ಕುಡಿದಿದ್ದರೆ ಹೀಗಾಗುತ್ತದೆ. ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಸಿಕ್ಕಿತು: ನ್ಯುಮೋಕಾಕಸ್, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ. ಕ್ಷಯ ಇದೆಯಾ ಅಂತಲೂ ನೋಡಿದ್ದರು, ಇರಲಿಲ್ಲ. ನಾನು ಲಸಿಕೆಯ ಕಾರ್ಡ್ ತೆಗೆದು ತೋರಿಸಿದೆ. ನ್ಯುಮೋಕಾಕಸ್ ಲಸಿಕೆ ಎಲ್ಲಾ ಡೋಸ್ ಆಗಿದೆ, ಮತ್ತೆ ಹೇಗೆ ಬಂತು? ನನ್ನ ದನಿ ಜೋರಾಗಿಯೇ ಇತ್ತು. ಆ ರೋಗಾಣುವಿನಲ್ಲಿ ನೂರಕ್ಕಿಂತ ಜಾಸ್ತಿ ಬಗೆ ಇವೆ. ಲಸಿಕೆಯಲ್ಲಿ ಇರುವುದು ಜಾಸ್ತಿ ಕಾಯಿಲೆ ತರುವ ಕೆಲವಕ್ಕೆ ತಡೆ, ಆ ಕೆಲವಲ್ಲೂ ಒಂದೆರಡು ಮೊಂಡು. ಹಾಗಂತ ಲಸಿಕೆ ಬೇಡವಾ ಅಂದರೆ, ಅದಿಲ್ಲದಿದ್ದ ಕಾಲದ ವಾರ್ಡು ನೀವು ನೋಡಬೇಕಿತ್ತು ಅಂತ ಹಿರಿಯ ಡಾಕ್ಟರು ನಕ್ಕರು.

ನಮ್ಮಮ್ಮ ಬಂದವರು ಬೆನ್ನು ತಟ್ಟಿ ಕಫ ಇಳಿಸಲು ಹೊರಟರು. ಅದರಿಂದ ಈ ಕಾಯಿಲೆಗೆ ಉಪಯೋಗವಿಲ್ಲ, ಬದಲಿಗೆ ಮಂಚದಿಂದ ಇಳಿಸಿ ನಡೆಸಿ ಅಂತ ಹೇಳಿಕೊಟ್ಟರು. ಸೋಪಿನ ಗುಳ್ಳೆ ಊದಲು ಒಂದು ಡಬ್ಬಿ ಕೊಟ್ಟರು. ಉದ್ದ ಉಸಿರು ಎಳೆದರೆ ಮುದುಡಿದ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ. ಮೊದಲ ದಿನ ಒಂದೂ ಗುಳ್ಳೆ ಬರಲಿಲ್ಲ, ಕೆಮ್ಮೇ ಬಂತು. ಮೂರು ದಿನಕ್ಕೆ ವಾರ್ಡ್ ತುಂಬ ಗುಳ್ಳೆ. ಅಜ್ಜಿ ಮೊಮ್ಮಗಳು ಇಬ್ಬರೂ ಊದುತ್ತಿದ್ದರು.

ಪೈಪ್ ಯಾವಾಗ ತೆಗೆಯುತ್ತಾರೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಕೆಜಿಗೆ ಒಂದು ಮಿಲಿ, ದಿನಕ್ಕೆ. ಅಂದರೆ ನಮ್ಮವಳಿಗೆ 16 ಮಿಲಿಗಿಂತ ಕಡಿಮೆ. ಜೊತೆಗೆ ಗುಳ್ಳೆ ಇರಬಾರದು, ಸ್ಕ್ಯಾನಿನಲ್ಲಿ ದೊಡ್ಡ ಕೋಣೆ ಉಳಿದಿರಬಾರದು. ಎಂಟನೇ ದಿನ ಹನ್ನೆರಡು ಗಂಟೆಯಲ್ಲಿ 6 ಮಿಲಿ ಬಂತು. ನಾನು ನೋಟ್‌ಬುಕ್ ಹಿಡಿದು ಬಾಯಿ ಬಿಡದೆ ಕೂತಿದ್ದೆ. ಮೂರನೇ ದಿನದ ಆ 5 ಮಿಲಿ ನೆನಪಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರು ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ, ಅಷ್ಟೇ. ಪೈಪ್ ತೆಗೆಯಲು ಹಿಡಿದದ್ದು ಒಂದು ನಿಮಿಷವೂ ಇಲ್ಲ. ಒಂದೇ ಕಿರುಚು, ಒಂದು ಹೊಲಿಗೆ, ಒಂದು ಪಟ್ಟಿ. ಆ ರಾತ್ರಿ ಅವಳು ನಿದ್ದೆಯಲ್ಲಿ ಎಡಕ್ಕೆ ಹೊರಳಿದಳು. ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿ ತೋರಿಸಿದಳು.

ಹತ್ತನೇ ದಿನ ಮನೆಗೆ. ಇನ್ನೆರಡು ವಾರ ಕುಡಿಯುವ ಆಂಟಿಬಯೋಟಿಕ್. ಮನೆಗೆ ಕಳಿಸುವಾಗ ಒಂದು ಎಕ್ಸ್‌ರೇ ಕೈಗಿಟ್ಟರು. ಬಲಗಡೆ ಇನ್ನೂ ಮಬ್ಬು ಬಿಳಿ. ನನ್ನ ಎದೆ ಧಸಕ್ಕೆಂದಿತು. ಮಗು ಮೊದಲು ಹುಷಾರಾಗುತ್ತದೆ, ಎಕ್ಸ್‌ರೇ ವಾರಗಟ್ಟಲೆ ಹಿಂದೆ ಇರುತ್ತದೆ ಅಂದರು. ಅವಳು ನಡೆಯುವಾಗ ಬಲಕ್ಕೆ ವಾಲುತ್ತಿದ್ದಳು, ಆ ಕಡೆ ಭುಜ ತಗ್ಗಿತ್ತು. ನೋವಿಗೆ ಮೈ ಹಾಗೆ ಬಾಗಿರುತ್ತದೆ, ಬೆನ್ನು ನೆಟ್ಟಗಾಗಿದೆಯಾ ಅಂತ ಮುಂದಿನ ಸಲ ನೋಡುತ್ತೇವೆ ಅಂದರು. ದೊಡ್ಡವರಿಗೆ ಈ ಕಾಯಿಲೆ ಬಂದರೆ ಕಷ್ಟ ಜಾಸ್ತಿ, ಮಕ್ಕಳು ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತಾರೆ ಅನ್ನುವುದನ್ನೂ ಹೊರಡುವಾಗಲೇ ಹೇಳಿದ್ದು. ಮೊದಲ ದಿನವೇ ಹೇಳಬಾರದಿತ್ತೇ ಅನ್ನಿಸಿತು. ಹೇಳಿದ್ದರೂ ಆವತ್ತು ನನಗೆ ಕೇಳಿಸಿರುತ್ತಿರಲಿಲ್ಲವೇನೋ.

ಆರನೇ ವಾರದಲ್ಲಿ ಬೆನ್ನು ನೆಟ್ಟಗಿತ್ತು, ಎಕ್ಸ್‌ರೇಯಲ್ಲಿ ಬುಡದಲ್ಲಿ ಒಂದು ಗೆರೆ ಉಳಿದಿತ್ತು. ಮೂರು ತಿಂಗಳಿಗೆ ಅದೂ ಇಲ್ಲ. ಆವತ್ತು ಡಾಕ್ಟರು ಮತ್ತೆ ಬೆನ್ನ ಮೇಲೆ ಬೆರಳಿಟ್ಟು ತಟ್ಟಿದರು. ಎಡಗಡೆ ಡಬ್ ಡಬ್. ಬಲಗಡೆಯೂ ಡಬ್ ಡಬ್. ಅವಳು ತಿರುಗಿ ನೋಡಿ, ಏನು ಮಾಡ್ತಿದ್ದೀರಿ ಅಂತ ಕೇಳಿದಳು. ಅವರು ಖಾಲಿ ಕೊಡ, ತುಂಬಿದ ಕೊಡದ ಕಥೆ ಹೇಳಿ, ಬೆರಳು ಹೇಗಿಡಬೇಕು ಅಂತಲೂ ಕಲಿಸಿದರು. ಮನೆಗೆ ಬಂದವಳು ಗೋಡೆ, ಬಕೆಟ್ಟು, ಕುಡಿಯುವ ನೀರಿನ ಕ್ಯಾನು, ಅಜ್ಜಿಯ ಬೆನ್ನು ಎಲ್ಲವನ್ನೂ ತಟ್ಟಿಕೊಂಡು ಹೋದಳು. "ಇದ್ರೊಳಗೆ ನೀರಿದೆ. ಇದ್ರೊಳಗಿಲ್ಲ. ಇದ್ರೊಳಗಿಲ್ಲ."